ಬಾಗಿಲ ಈಚೆ

ಜನವರಿ ೯

ಮಗಳೇ,

ನಿಮ್ಮ ಮುಖ್ಯಮಠದ ಕಚೇರಿಯಿಂದ ಬಂದ ಕಾಗದವನ್ನು ಅಡುಗೆಯವರು ನಮಗೆಲ್ಲ ಓದಿ ಹೇಳಿದರು. ನನ್ನ ಕನ್ನಡಕ ಒಗೆಯುವ ಕೋಣೆಯಲ್ಲೇ ಉಳಿದಿತ್ತು. ಕೊನೆಯಲ್ಲಿ ‘ಕಾರ್ಯದರ್ಶಿ’ ಅಂತ ಓದಿದರು. ಆಮೇಲೆ ಕಾಗದವನ್ನು ನನ್ನ ಕಡೆ ತಿರುಗಿಸಿ ಸಹಿ ತೋರಿಸಿದರು. ಕನ್ನಡಕ ಬೇಕಾಗಲಿಲ್ಲ. ಆ ಸಹಿಯ ಬಾಲವನ್ನು ನೀನು ಏಳನೇ ಕ್ಲಾಸಿನಿಂದಲೂ ಹಾಗೆಯೇ ಎಳೆಯುತ್ತೀಯ.

ಜೂನ್ ಮೂವತ್ತಕ್ಕೆ ಈ ಮನೆ ಮುಚ್ಚುತ್ತದೆಯಂತೆ. ಇಲ್ಲಿರುವ ಹನ್ನೊಂದು ಜನ ದಿಕ್ಕಿಲ್ಲದ ಹೆಂಗಸರನ್ನು ಮೂರು ಕಡೆಗೆ ಹಂಚುತ್ತಾರಂತೆ. ಕಾರಣ, ನಿಮ್ಮ ಸನ್ಯಾಸಿನಿಯರ ಸಭೆಯ ಸಿಸ್ಟರುಗಳು ಇಲ್ಲಿ ಉಳಿದಿಲ್ಲ. ಅದು ಸುಳ್ಳಲ್ಲ. ನಿನ್ನಪ್ಪ ತೀರಿಹೋದ ವರ್ಷ ನಾಲ್ಕು ವರ್ಷದ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾನು ಇಲ್ಲಿಗೆ ಬಟ್ಟೆ ಒಗೆಯಲು ಬಂದಾಗ ಒಂಬತ್ತು ಜನ ಇದ್ದರು. ಹೋದ ತಿಂಗಳು ಮಂಡಿನೋವಿನ ಸಿಸ್ಟರನ್ನೂ ಕರೆಸಿಕೊಂಡಿರಿ. ಈಗ ಅಜ್ಜಿ ಸಿಸ್ಟರ್ ಒಬ್ಬರೇ. ಅವರಿಗೆ ಎಂಬತ್ತೊಂದು. ಆದರೆ ನಾವೇನು ಸತ್ತಿದ್ದೇವೆಯೇ? ನರ್ಸಮ್ಮ ಇದ್ದಾಳೆ, ಅಡುಗೆಯವರಿದ್ದಾರೆ, ವ್ಯಾನಿನ ಡ್ರೈವರ್ ಇದ್ದಾನೆ, ನಾನಿದ್ದೇನೆ. ಪ್ರತಿ ವರ್ಷ ಫೆಬ್ರವರಿಯಲ್ಲಿ ಸಿಸ್ಟರುಗಳ ಕೈಯ ಪಕ್ಕ ನಮ್ಮ ಕೈಯನ್ನೂ ವಾಗ್ದಾನದ ಪುಸ್ತಕದ ಮೇಲೆ ಇಡಿಸಿ, ‘ಈ ಸೇವೆ ನಿಮ್ಮದೊಂದೇ ಅಲ್ಲ, ನಮ್ಮದೊಂದೇ ಅಲ್ಲ, ಇಬ್ಬರದು’ ಅಂತ ಓದಿಸಿದವರು ಯಾರು? ನಮ್ಮನ್ನು ಸಂಗಾತಿಗಳು ಅಂತ ಕರೆದವರು ಯಾರು? ಕೆಲಸ ಇಬ್ಬರದು, ಬೀಗ ಮಾತ್ರ ಒಬ್ಬರದೋ?

ಇನ್ನೊಂದು ವಿಷಯ. ನಾವು ಜೋಡಿ ಅನ್ನುವ ಅಕ್ಕತಂಗಿಯರನ್ನು ನೀನು ಮರೆತಿರಲಿಕ್ಕಿಲ್ಲ. ಅಕ್ಕನಿಗೆ ಕಣ್ಣಿಲ್ಲ, ತಂಗಿಗೆ ಕಾಲಿಲ್ಲ. ಹದಿನಾಲ್ಕು ವರ್ಷದಿಂದ ಪಕ್ಕಪಕ್ಕದ ಮಂಚ. ತಂಗಿ ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಅಕ್ಕನಿಗೆ ಹೇಳುತ್ತಾಳೆ, ಅರ್ಧ ಸುಳ್ಳು ಸೇರಿಸಿ. ಅಕ್ಕ ಎದ್ದು ತಡವರಿಸಿಕೊಂಡು ಅವಳಿಗೆ ನೀರು ಕೊಡುತ್ತಾಳೆ. ನಿಮ್ಮ ಪಟ್ಟಿಯಲ್ಲಿ ಅಕ್ಕನ ಹೆಸರು ಕುರುಡರ ಮನೆಗೆ ಹೋಗಿದೆ, ತಂಗಿಯದು ನಡೆಯಲಾರದವರ ಮನೆಗೆ. ನಡುವೆ ಒಂದು ದಿನದ ದಾರಿ. ಬೆರಳಚ್ಚು ಮಾಡುವಾಗ ನಿನ್ನ ಕೈ ಹೇಗೆ ಬಂತು?

ಇಲ್ಲಿಯವರೆಗೆ ನಿನ್ನ ಕಚೇರಿಯ ವಿಷಯದಲ್ಲಿ ನಾನು ಒಂದು ಮಾತೂ ಆಡಿದವಳಲ್ಲ. ಈಗ ಕಾಲು ಹಿಡಿಯುತ್ತೇನೆ ಅಂದರೂ ಸರಿ. ಇದನ್ನು ನಿಲ್ಲಿಸು.

ನಿನ್ನ ಅಮ್ಮ


ಜನವರಿ ೨೭

ಪ್ರೀತಿಯ ಅಮ್ಮನಿಗೆ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ.

ಆ ತೀರ್ಮಾನ ನನ್ನದಲ್ಲ. ಕೌನ್ಸಿಲಿನಲ್ಲಿ ಐದು ಜನ ಹಿರಿಯ ಸಿಸ್ಟರುಗಳು ಕೂತು ಮಾತಾಡುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ನಿಮ್ಮ ಮನೆಯ ವಿಷಯ ಬಂದಾಗ ಮದರ್ ನನ್ನನ್ನು ಹೊರಗೆ ಕೂರಲು ಹೇಳಿದರು. ಅದು ನನ್ನ ತವರಿನ ಹಾಗೆ ಅಂತ ಎಲ್ಲರಿಗೂ ಗೊತ್ತು. ತೀರ್ಮಾನವಾದ ಮೇಲೆ ಒಳಗೆ ಕರೆದು ಪಟ್ಟಿ ಕೊಟ್ಟರು. ಕೈ ಹೇಗೆ ಬಂತು ಅಂತ ಕೇಳಿದ್ದೀಯ. ಬೇಗ ಬೇಗ ಮಾಡಿ ಮುಗಿಸಿದೆ ಅಮ್ಮ, ನಿಧಾನವಾಗಿ ಮಾಡಿದ್ದರೆ ಬರುತ್ತಿರಲಿಲ್ಲ.

ಆದರೂ ನಿನ್ನ ಪತ್ರವನ್ನು ಮದರಿಗೆ ಓದಿ ತೋರಿಸಿದೆ. ಕಾಲು ಹಿಡಿಯುವ ಮಾತೊಂದನ್ನು ಬಿಟ್ಟು. ಅವರು ಬಹಳ ಹೊತ್ತು ಯೋಚಿಸಿದರು. ಒಬ್ಬರಾದರೂ ಸಿಸ್ಟರ್ ಮನೆಯಲ್ಲಿ ವಾಸ ಇದ್ದರೆ, ಆಡಳಿತವನ್ನೆಲ್ಲ ಸಂಗಾತಿಗಳ ಕೈಗೆ ಕೊಟ್ಟು ನಡೆಸಬಹುದೇ ಅಂತ ನೋಡೋಣ ಅಂದಿದ್ದಾರೆ. ಏಪ್ರಿಲ್ ಒಂಬತ್ತಕ್ಕೆ ಕೌನ್ಸಿಲಿನ ಒಬ್ಬ ಸಿಸ್ಟರ್ ಅಲ್ಲಿಗೆ ಬಂದು ಮೂರು ದಿನ ಇದ್ದು ನೋಡುತ್ತಾರೆ. ಅವರು ಒಪ್ಪಿದರೆ ಮನೆ ಉಳಿಯುತ್ತದೆ, ಜೋಡಿಯೂ ಉಳಿಯುತ್ತದೆ.

ಎಲ್ಲವೂ ಅಜ್ಜಿ ಸಿಸ್ಟರ್ ಮೇಲೆ ನಿಂತಿದೆ. ಅವರನ್ನು ಚೆನ್ನಾಗಿ ನೋಡಿಕೊಳ್ಳಿ. ನಿನ್ನ ಕೆಮ್ಮು ಹೇಗಿದೆ? ಅದರ ಬಗ್ಗೆ ನೀನು ಬರೆದಿಲ್ಲ.

ನಿನ್ನ ಮಗಳು


ಫೆಬ್ರವರಿ ೧೧

ಮಗಳೇ,

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಅದನ್ನು ನಿಮ್ಮ ಕಚೇರಿ ನೋಡಿಯೇ ಹೇಳಿದ್ದು ಅಂದುಕೊಂಡಿದ್ದೆ. ಈ ಸಲ ಪೂಜಾರಿಯೂ ಅರ್ಧ ಕೊಟ್ಟಿದ್ದಾನೆ. ನಿನ್ನ ಕಾಗದವನ್ನು ವಾರ್ಡಿನ ನಡುವೆ ನಿಂತು ಓದಿದೆ. ಜೋಡಿಯ ತಂಗಿ ಚಪ್ಪಾಳೆ ತಟ್ಟಿದಳು. ಅಕ್ಕ ಮಾತ್ರ, “ಒಬ್ಬರ ಉಸಿರಿನ ಮೇಲೆ ಹನ್ನೊಂದು ಜನರ ಮನೆ ನಿಂತಿದೆ ಅಂದ್ರೆ, ಆ ಉಸಿರಿಗೆ ಎಷ್ಟು ಭಾರ ಆಗ್ಬೇಡ?” ಅಂದಳು. ಅವಳಿಗೆ ಕಣ್ಣಿಲ್ಲದಿದ್ದರೂ ನಮಗಿಂತ ಮುಂದೆ ಕಾಣುತ್ತದೆ.

ಮೊನ್ನೆ ವಾಗ್ದಾನ ಮುಗಿಯಿತು. ಪುಸ್ತಕದ ಮೇಲೆ ಮೊದಲೆಲ್ಲ ಕೈಯಿಡಲು ಜಾಗ ಸಾಲುತ್ತಿರಲಿಲ್ಲ. ಈ ಸಲ ಅವರದೊಂದು ಕೈ, ನಮ್ಮವು ನಾಲ್ಕು. ಅಜ್ಜಿ ಸಿಸ್ಟರ್ ನಮ್ಮ ಕೈಗಳನ್ನು ನೋಡಿ, “ಈ ವರ್ಷ ನೀವೇ ಬಹುಮತ. ನನ್ನನ್ನ ಓಟು ಹಾಕಿ ಓಡಿಸಬೇಡಿ” ಅಂದರು. ಚಾಪೆಲಿನಲ್ಲೇ ನಕ್ಕುಬಿಟ್ಟೆವು.

ಅವರದೇ ನಮಗೆ ಚಿಂತೆ. ಕಾಲು ಎಳೆಯುತ್ತಾರೆ. ಕೇಳಿದರೆ “ಚಪ್ಪಲಿ ದೊಡ್ಡದು” ಅನ್ನುತ್ತಾರೆ. ಎಡಗೈಯಲ್ಲಿ ಲೋಟ ನಿಲ್ಲುತ್ತಿಲ್ಲ. ನಾನು ಬಟ್ಟೆ ಒಗೆಯುವವಳು, ನನ್ನಿಂದ ಏನೂ ಮುಚ್ಚಿಡಲು ಆಗುವುದಿಲ್ಲ. ಯಾರಿಗೆ ಜ್ವರ ಬಂದಿದೆ, ಯಾರ ಬೆನ್ನು ಹುಣ್ಣಾಗಿ ಒಡೆಯುವುದರಲ್ಲಿದೆ ಅಂತ ನರ್ಸಮ್ಮನಿಗಿಂತ ಮೊದಲು ಹಾಸಿಗೆಯ ಬಟ್ಟೆ ನನಗೆ ಹೇಳುತ್ತದೆ. ಅಜ್ಜಿ ಸಿಸ್ಟರ್ ಬಟ್ಟೆಯ ಎಡತೋಳಿಗೆ ಮಾತ್ರ ದಿನಾ ಚಹಾದ ಕಲೆ.

ಅವರ ಪಕ್ಕದ ಕೋಣೆಯಲ್ಲಿ ನಾನು ಮಲಗುತ್ತೇನೆ ಅಂದೆ. ಆ ಕಂದು ಬಾಗಿಲು ನಿನಗೆ ನೆನಪಿದೆಯಲ್ಲ, ಓಣಿಯ ಕೊನೆಯದು. ಆಚೆ ಸಿಸ್ಟರುಗಳ ಕೋಣೆಗಳು, ಈಚೆ ನಾವು. ಇಪ್ಪತ್ತೆಂಟು ವರ್ಷದಲ್ಲಿ ನಾನು ಆ ಹೊಸ್ತಿಲು ದಾಟಿಲ್ಲ. ಒಗೆದ ಬಟ್ಟೆಯನ್ನು ಬಾಗಿಲ ಪಕ್ಕದ ಬೆಂಚಿನ ಮೇಲೆ ಇಟ್ಟು ಬರುತ್ತೇನೆ. ಅಜ್ಜಿ ಸಿಸ್ಟರ್ ಅಂದರು: “ಬಾಗಿಲ ಈಚೆ ನಾನು ನಿಮ್ಮೋಳು. ಆಚೆ ಹೋದ್ರೆ ದೇವರೋಳು. ಅಷ್ಟು ಜಾಗನಾದ್ರೂ ಬಿಡಮ್ಮ ಅವನಿಗೆ.” ಬಟ್ಟೆಯನ್ನು ಬೆಂಚಿನ ಮೇಲಿಟ್ಟು ಬಂದೆ.

ಕೆಮ್ಮು ಇದೆ. ಸೋಪಿನ ಹಬೆಯಲ್ಲಿ ಕೆಮ್ಮದೆ ಇನ್ನೇನು ಹಾಡಲೇ?

ನಿನ್ನ ಅಮ್ಮ


ಮಾರ್ಚ್ ೨೦

ಅಮ್ಮ,

ಅವಸರದಲ್ಲಿ ಬರೆಯುತ್ತಿದ್ದೇನೆ. ಅಜ್ಜಿ ಸಿಸ್ಟರ್ ಕೋಣೆಗೆ ಒಂದು ಕರೆಗಂಟೆ ಹಾಕಿಸಿ. ತಂತಿ ಎಳೆಯಲು ಎಲೆಕ್ಟ್ರಿಷಿಯನ್ ಒಳಗೆ ಹೋಗಬೇಕಲ್ಲ, ಅದಕ್ಕೆ ಮದರ್ ಅಪ್ಪಣೆಯ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ.

ನಿನಗೆ ಹೇಳಬಾರದು ಅಂದುಕೊಂಡಿದ್ದೆ. ನನ್ನನ್ನೇ ಅಲ್ಲಿಗೆ ಎರಡನೇ ಸಿಸ್ಟರಾಗಿ ಕಳಿಸಿ ಅಂತ ಕೇಳಿದೆ. ಮದರ್ ನನ್ನ ತಲೆ ಸವರಿ, “ಅದು ಸೇವೆಯ ಆಸೆಯೋ ಅಮ್ಮನ ಆಸೆಯೋ, ನಿಜ ಹೇಳು” ಅಂದರು. ನಿಜ ಹೇಳಿದೆ. ಇಲ್ಲ ಅಂದರು.

ನಿನ್ನ ಮಗಳು


ಏಪ್ರಿಲ್ ೩

ಮಗಳೇ,

ಇದನ್ನು ಒಬ್ಬಳೇ ಇರುವಾಗ ಓದು.

ಅಜ್ಜಿ ಸಿಸ್ಟರ್ ಬಿದ್ದದ್ದು ನಿಮಗೆ ಫೋನಿನಲ್ಲಿ ಗೊತ್ತಾಗಿದೆ. ಹೇಗೆ ಅಂತ ಗೊತ್ತಿಲ್ಲ. ಇಲ್ಲಿಯೂ ಯಾರಿಗೂ ಗೊತ್ತಿಲ್ಲ. ನನ್ನೊಬ್ಬಳಿಗೇ ಗೊತ್ತು.

ಮೊನ್ನೆ ಬೆಳಗ್ಗೆ ಆರಕ್ಕೆ ಅವರು ಚಹಾಕ್ಕೆ ಬರಲಿಲ್ಲ. ಬಟ್ಟೆ ಇಡಲು ಬೆಂಚಿನ ಹತ್ತಿರ ಹೋದೆ. ಒಳಗೆ ಏನೋ ಬಿದ್ದ ಸದ್ದಾಯಿತು. ಕುರ್ಚಿ ಇರಬೇಕು ಅಂದುಕೊಂಡೆ. “ಸಿಸ್ಟರ್” ಅಂತ ಕರೆದೆ. “ಇರು, ಬರ್ತೀನಿ” ಅಂದರು. ಮಾತು ಸ್ವಲ್ಪ ತೊದಲಿತು. ನಾನು ಇದ್ದೆ. ಮತ್ತೆ ಕರೆದೆ. ಮತ್ತೆ “ಇರು” ಅಂದರು. ಮೂರನೇ ಸಲ ಉತ್ತರ ಬರಲಿಲ್ಲ, ಏನೋ ಉಜ್ಜಿದ ಹಾಗೆ ಸದ್ದು, ಅಷ್ಟೆ. ನರ್ಸಮ್ಮ ಇನ್ನೂ ಬಂದಿರಲಿಲ್ಲ, ಅವಳದು ಏಳಕ್ಕೆ. ಅಡುಗೆಯವರು ಹಾಲು ತರಲು ಹೋಗಿದ್ದರು.

ನಾನು ಬಾಗಿಲ ಹಿಡಿಕೆ ಹಿಡಿದುಕೊಂಡಿದ್ದೆ. ಸುಳ್ಳು ಹೇಳುವುದಿಲ್ಲ, ಕೈ ಹಿಡಿಕೆಯ ಮೇಲೇ ಇತ್ತು. ಅಪ್ಪಣೆ ಇಲ್ಲದೆ ಹೇಗೆ ಹೋಗುವುದು ಅಂತ ಕೈ ಬಿಟ್ಟು, ಕಚೇರಿಗೆ ಓಡಿ ನಿಮ್ಮ ಮುಖ್ಯಮಠಕ್ಕೆ ಫೋನ್ ಮಾಡಿದೆ. ಅಪ್ಪಣೆ ಕೇಳಲು! ನಿಮ್ಮ ಫೋನಿನ ಹೆಂಗಸು, “ಎಲ್ಲರೂ ಪ್ರಾರ್ಥನೇಲಿದಾರೆ, ಕೇಳ್ಕೊಂಡು ಬರ್ತೀನಿ ಇರಿ” ಅಂದಳು. ಸ್ವಲ್ಪ ಹೊತ್ತಿಗೆ ಬಂದು, “ಮುಗಿಯೋವರೆಗೂ ಕಾಯಬೇಕಂತೆ” ಅಂದಳು. ನಾನು ವಾಪಸ್ಸು ಬಂದು ಬಾಗಿಲ ಮುಂದೆ ನಿಂತೆ. ಕಾದೆ. ಮಗಳೇ, ನಾನು ನಿಂತು ಕಾದೆ. ನರ್ಸಮ್ಮ ಬಂದವಳು ನನ್ನ ಮುಖ ನೋಡಿದಳು, ಏನು ಅಂತಲೂ ಕೇಳದೆ ಬಾಗಿಲು ತಳ್ಳಿದಳು. ಚಿಲಕ ಕೂಡ ಹಾಕಿರಲಿಲ್ಲ.

ನೆಲದ ಮೇಲೆ ಒಂದು ಪಕ್ಕಕ್ಕೆ ಬಿದ್ದಿದ್ದರು. ಬಾಗಿಲ ಕಡೆ ಮುಖ ಮಾಡಿ, ಮೊಣಕೈ ಊರಿಕೊಂಡು ತೆವಳಿದ್ದಾರೆ. ಬಾಗಿಲಿಗೂ ಅವರಿಗೂ ನಡುವೆ ಎರಡು ಮಾರು ಇತ್ತು ಅಷ್ಟೆ. ಡಾಕ್ಟರು, “ಮುಕ್ಕಾಲು ಗಂಟೆ ಮೊದಲು ತಂದಿದ್ರೆ ಮಾತಾದ್ರೂ ಉಳೀತಿತ್ತು” ಅಂದರು. ಎಡಭಾಗ ಪೂರ್ತಿ ಹೋಗಿದೆ.

ನರ್ಸಮ್ಮ ನಾನು ಆಗಷ್ಟೇ ಬಂದು ನಿಂತಿದ್ದೆ ಅಂದುಕೊಂಡಿದ್ದಾಳೆ. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಎಲೆಕ್ಟ್ರಿಷಿಯನ್ ನಿನ್ನೆ ಬಂದು ಕರೆಗಂಟೆ ಹಾಕಿಹೋದ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವುದು ಇದಕ್ಕೇ.

ಆರು ದಿನದಲ್ಲಿ ನಿಮ್ಮ ಕೌನ್ಸಿಲ್ ಸಿಸ್ಟರ್ ಬರುತ್ತಾರೆ. ನಾನು ಬಾಯಿ ಬಿಟ್ಟರೆ ಮನೆ ಹೋಗುತ್ತದೆ. ಬಿಡದಿದ್ದರೆ ನಾನು ಹೋಗುತ್ತೇನೆ. ಅತ್ತ ದರಿ, ಇತ್ತ ಪುಲಿ. ಏನು ಮಾಡಲಿ ಹೇಳು. ನೀನು ಸಿಸ್ಟರಾಗಿ ಹೇಳಿದರೂ ಸರಿ, ಮಗಳಾಗಿ ಹೇಳಿದರೂ ಸರಿ.

ಅಮ್ಮ


ಏಪ್ರಿಲ್ ೬

ಅಮ್ಮ,

ನಿನ್ನ ಕಾಗದ ತಂದ ವ್ಯಾನಿನ ಡ್ರೈವರ್ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ, ಆಸ್ಪತ್ರೆಯ ಕಾಗದಗಳಿಗೆ ಮದರ್ ಸಹಿ ಹಾಕಿಸಲು ಬಂದಿದ್ದಾನೆ. ಅವನು ಹೊರಗೆ ಕಾಯುತ್ತಿದ್ದಾನೆ.

ಫೋನಿನವಳು ಆ ದಿನ ಚಾಪೆಲಿನ ಬಾಗಿಲಿಗೆ ಬಂದಳು. ಅವಳೂ ನಿಮ್ಮ ಹಾಗೆ ಹೊರಗಿನವಳು, ಹನ್ನೆರಡು ವರ್ಷದಿಂದ ನಮ್ಮ ಜೊತೆ ಇದ್ದಾಳೆ. ಮೌನದ ಹೊತ್ತಿನಲ್ಲಿ ಅವಳು ಒಳಗೆ ಬರುವುದಿಲ್ಲ. ಹೊಸ್ತಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಅವಳನ್ನು ನೋಡಿದೆ. ಕೈಯೆತ್ತಿ, ಆಮೇಲೆ ಅಂತ ಸನ್ನೆ ಮಾಡಿದೆ.

ಕಾಯಬೇಕಂತೆ ಅಂತ ಅವಳು ನಿನಗೆ ಹೇಳಿದ್ದು ನನ್ನ ಮಾತು ಅಮ್ಮ.

ಯಾರ ಫೋನು ಅಂತ ಕಣ್ಣಿನಲ್ಲಾದರೂ ಕೇಳಬಹುದಿತ್ತು. ಎದ್ದು ಹೋಗಿದ್ದರೆ ಯಾರೂ ನನ್ನನ್ನು ಹೊಡೆಯುತ್ತಿರಲಿಲ್ಲ. ಮೌನ ಮುರಿಯಬಾರದು ಅನ್ನುವುದಕ್ಕಿಂತ, ಮೌನ ಮುರಿಯದವಳು ಅನ್ನಿಸಿಕೊಳ್ಳುವ ಆಸೆ ಇತ್ತೇನೋ. ಆ ಹೊತ್ತು ನಾನು ಏನು ಪ್ರಾರ್ಥಿಸುತ್ತಿದ್ದೆ ಗೊತ್ತೇ? ನಿಮ್ಮ ಮನೆ ಉಳಿಯಲಿ ಅಂತ.

ಏನು ಮಾಡಲಿ ಅಂತ ಕೇಳಿದ್ದೀಯ. ಹೇಳು ಅಂತ ಹೇಳುವ ಧೈರ್ಯ ನನಗಿಲ್ಲ. ಮುಚ್ಚಿಡು ಅಂತ ಹೇಳುವ ಬಾಯಿಯೂ ಇಲ್ಲ. ಇಷ್ಟು ವರ್ಷ ಓದಿದ್ದು, ವ್ರತ ತೊಟ್ಟದ್ದು, ಯಾವುದೂ ಈ ಒಂದು ಪ್ರಶ್ನೆಗೆ ಕೆಲಸಕ್ಕೆ ಬರುತ್ತಿಲ್ಲ. ನನ್ನನ್ನು ಬೈದು ಒಂದು ಸಾಲು ಬರೆ. ನಾನು ಈ ಬಟ್ಟೆ ತೊಟ್ಟ ಮೇಲೆ ನೀನು ಒಂದು ಸಲವೂ ನನ್ನನ್ನು ಬೈದಿಲ್ಲ.

ನಿನ್ನ ಮಗಳು


ಏಪ್ರಿಲ್ ೨೪

ಮಗಳೇ,

ಬೈಯುವುದಿಲ್ಲ. ನಿನ್ನನ್ನು ಬೈದರೆ ನನ್ನ ಪಾಲು ಕಡಿಮೆಯಾಗುತ್ತದೆಯೇ? ಅವರವರ ಗಂಟು ಅವರವರೇ ಹೊರಬೇಕು.

ಕೌನ್ಸಿಲ್ ಸಿಸ್ಟರ್ ಬಂದು ಹೋದದ್ದು, ಅಜ್ಜಿ ಸಿಸ್ಟರ್ ತೀರಿಹೋದದ್ದು ಎಲ್ಲ ನಿನಗೆ ಗೊತ್ತು. ಆದರೆ ನಿನ್ನ ಕಡತದಲ್ಲಿ ಬರೆಯದ ಭಾಗವೂ ಇದೆ.

ಆಕೆ ಒಳ್ಳೆಯವರು. ಕಚೇರಿಯಲ್ಲಿ ಕೂತು ನೋಡುವವರಲ್ಲ. ತೋಳು ಮಡಚಿಕೊಂಡು ಹನ್ನೊಂದು ಜನರ ಬೆನ್ನು, ಹಿಮ್ಮಡಿ ಎಲ್ಲ ತಿರುಗಿಸಿ ನೋಡಿದರು. ಒಂದು ಹುಣ್ಣು ಸಿಗಲಿಲ್ಲ. ಒಗೆಯುವ ಕೋಣೆಗೆ ಬಂದು ಮಡಚಿಟ್ಟ ಹಾಸಿಗೆ ಬಟ್ಟೆಯನ್ನು ಮೂಸಿ ನೋಡಿದರು. “ಇಷ್ಟು ಮನೆ ನೋಡಿದೀನಿ, ಹೀಗೆ ಇಟ್ಟಿರೋದು ನೋಡಿಲ್ಲ” ಅಂದರು. ಜೋಡಿಯ ಮಂಚದ ನಡುವೆ ಕುರ್ಚಿ ಹಾಕಿಕೊಂಡು ಕೂತರು. ತಂಗಿ ಅವರಿಗೂ ಕಿಟಕಿಯ ಕಥೆ ಹೇಳಿದಳು, ಈ ಸಲ ಮುಕ್ಕಾಲು ಸುಳ್ಳು. ಆಕೆ ನಕ್ಕರು.

ಮೂರನೇ ದಿನ ನಮ್ಮನ್ನೆಲ್ಲ ಊಟದ ಕೋಣೆಯಲ್ಲಿ ಕೂರಿಸಿ, “ಅಜ್ಜಿ ಸಿಸ್ಟರ್ ಗಾಲಿಕುರ್ಚೀಲಿ ವಾಪಸ್ ಬಂದ್ರೂ ಸಾಕು, ನಾನು ನಿಮ್ಮ ಪರವಾಗಿ ಬರೀತೀನಿ” ಅಂದರು. ನರ್ಸಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಏಳುವ ಮೊದಲು ಸುಮ್ಮನೆ ಕೇಳಿದರು, “ಅವರು ಬಿದ್ದಾಗ ಮೊದಲು ಯಾರಿಗೆ ಗೊತ್ತಾಯ್ತು?”

ಉಳಿದವರಿಗೆ ಗೊತ್ತಿರಲಿಲ್ಲ, ಪಾಪ. ನಾನು ಎದ್ದು ನಿಂತೆ. ಎಲ್ಲವನ್ನೂ ಹೇಳಿದೆ. ನಿನ್ನ ಸನ್ನೆಯ ವಿಷಯ ಒಂದನ್ನು ಬಿಟ್ಟು.

“ಬೀಗ ಹಾಕಿತ್ತಾ?” ಅಂದರು.

“ಇಲ್ಲ.”

“ಮತ್ತೆ?”

“ಅಪ್ಪಣೆ ಇರ್ಲಿಲ್ಲ, ಸಿಸ್ಟರ್.”

ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಪ್ಪತ್ತೆಂಟು ವರ್ಷ ನಮ್ಮ ಜೊತೆ ದುಡಿದೋರಿಗೆ ಒಂದು ಬಾಗಿಲು ತಳ್ಳೋಕೆ ಅಪ್ಪಣೆ ಬೇಕಾಯ್ತು ಅಂದ್ರೆ, ತಪ್ಪು ನಿಮ್ಮದಲ್ಲಮ್ಮ. ನಿಮ್ಮನ್ನ ಹಾಗೆ ಬೆಳೆಸಿದ ನಮ್ಮದು. ಆದ್ರೆ ಹನ್ನೊಂದು ಜೀವಾನ ನಿಮ್ಮ ಕೈಗೆ ಹೇಗೆ ಕೊಟ್ಟು ಹೋಗ್ಲಿ? ನಾಳೆ ಇನ್ನೊಬ್ಬರು ಬಿದ್ದಾಗ ನೀವು ಯಾರಿಗೆ ಫೋನ್ ಮಾಡ್ತೀರಿ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಅಳುತ್ತಿದ್ದರು.

ಅವರು ಹೋದ ಮೇಲೆ ಅಡುಗೆಯವರು ನನ್ನ ಮುಂದೆ ಪಾತ್ರೆ ಕುಕ್ಕಿ, “ನಿಮ್ಮ ಸತ್ಯಾನ ಈ ಹನ್ನೊಂದು ಜನಕ್ಕೆ ಹೊದಿಸ್ತೀರಾ, ಉಣ್ಣಿಸ್ತೀರಾ?” ಅಂದರು. ಅಂದಿನಿಂದ ನನ್ನ ಹತ್ತಿರ ಮಾತಿಲ್ಲ. ನನ್ನ ಊಟದ ತಟ್ಟೆಯನ್ನು ಒಗೆಯುವ ಕೋಣೆಯ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ಒಳಗೆ ಬರುವುದಿಲ್ಲ.

ಅಜ್ಜಿ ಸಿಸ್ಟರ್ ಹತ್ತಿರ ಕೊನೆಯ ನಾಲ್ಕು ದಿನ ನಾನೇ ಕೂತಿದ್ದೆ. ಅವರ ಮೈ ಒರೆಸಿದೆ, ಕೂದಲು ಬಾಚಿದೆ. ಇಷ್ಟು ವರ್ಷದಲ್ಲಿ ಅವರ ಕೂದಲನ್ನು ನೋಡಿದ್ದು ಅದೇ ಮೊದಲು. ‘ಬಾಗಿಲ ಹತ್ತಿರ ನಿಂತಿದ್ದೆ, ಕ್ಷಮಿಸಿ’ ಅಂತ ಕಿವಿಯಲ್ಲಿ ಹೇಳಿದೆ. ನನ್ನನ್ನು ನೋಡಿದರು. ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ. ಮಾತು ಹೋದವರ ಕಣ್ಣನ್ನು ನಮಗೆ ಬೇಕಾದ ಹಾಗೆ ಓದಿಕೊಳ್ಳಬಹುದು. ನಾನು ಓದಿಕೊಳ್ಳಲಿಲ್ಲ.

ಮನೆ ಹೋಯಿತು ಅಂತ ನನಗೆ ಗೊತ್ತು. ಇನ್ನು ಉಳಿದದ್ದು ಒಂದೇ. ಜೋಡಿಯನ್ನು ಬೇರೆ ಮಾಡಬೇಡಿ. ಅದೊಂದು ಮಾಡಿಸು.

ಅಮ್ಮ


ಮೇ ೩೦

ಅಮ್ಮ,

ನನ್ನ ಪಾಲನ್ನೂ ನಾನು ಕೌನ್ಸಿಲಿನ ಮುಂದೆ ಹೇಳಿದೆ. ಯಾರೂ ಕೇಳಿರಲಿಲ್ಲ. ನೀನು ಎದ್ದು ನಿಂತ ಮೇಲೆ ನಾನು ಕೂತಿರಲು ಆಗಲಿಲ್ಲ. ಅದರಿಂದ ಏನಾದರೂ ಬದಲಾಗಬಹುದು ಅನ್ನುವ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ. ಏನೂ ಆಗಲಿಲ್ಲ. ಎಲ್ಲರೂ ಕೇಳಿಸಿಕೊಂಡರು. ಮುಂದಿನ ವಿಷಯಕ್ಕೆ ಹೋದರು. ನಾನೇ ಬರೆದುಕೊಂಡೆ.

ಕಚೇರಿಯಿಂದ ನನ್ನನ್ನು ಬಿಡಿಸಿದ್ದಾರೆ. ಮುಂದಿನ ವಾರದಿಂದ ಇಲ್ಲಿನ ವಯಸ್ಸಾದ ಸಿಸ್ಟರುಗಳ ವಾರ್ಡಿನಲ್ಲಿ ಕೆಲಸ. ಹದಿನಾರು ಮಂಚ. ನಿನ್ನ ಹಾಗೆ ಹಾಸಿಗೆ ಬಟ್ಟೆ ಓದುವುದನ್ನು ಕಲಿಯಬೇಕು.

ಜೋಡಿಯ ವಿಷಯವನ್ನು ಮೂರು ಸಲ ಕೇಳಿದೆ. ಕುರುಡರ ಮನೆಯಲ್ಲಿ ಕಣ್ಣಿರುವವರನ್ನು ಸೇರಿಸುವುದಿಲ್ಲ. ಇನ್ನೊಂದು ಮನೆಯಲ್ಲಿ ಉಳಿದ ಮೂವರಿಗೆ ಕೊಟ್ಟ ಮೇಲೆ ಇವರಿಗೆ ಒಂದೇ ಮಂಚ ಖಾಲಿ ಇದೆ. ಮನೆಯ ಕಡೆಯವರು ಯಾರಾದರೂ ಜೊತೆಗಿದ್ದು ನೋಡಿಕೊಳ್ಳುವುದಾದರೆ ಬೇರೆ ಮಾತು, ಇವರಿಬ್ಬರಿಗೆ ಹಾಗೆ ಯಾರೂ ಇಲ್ಲವಲ್ಲ ಅಂದರು. ಅವರು ಕೆಟ್ಟವರಲ್ಲ ಅಮ್ಮ. ಇಲ್ಲಿ ಯಾರೂ ಕೆಟ್ಟವರಲ್ಲ. ಅದೇ ನನಗೆ ಸಹಿಸಲಾಗುತ್ತಿಲ್ಲ, ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ?

ಜೂನ್ ಮೂವತ್ತಕ್ಕೆ ನಾನು ಬರಬಹುದೇ ಅಂತ ಕೇಳಿದೆ. ಬೇಡ ಅಂದರು.

ಮನೆ ಮುಚ್ಚಿದ ಮೇಲೆ ನೀನು ಎಲ್ಲಿಗೆ ಹೋಗುತ್ತೀಯ? ಎಲ್ಲಿರುತ್ತೀಯ? ದಯವಿಟ್ಟು ಬರೆ. ಒಂದು ತಿಂಗಳಿಂದ ನಿನ್ನ ಕಾಗದ ಇಲ್ಲ.

ನಿನ್ನ ಮಗಳು


ಜೂನ್ ೧೯

ಅಮ್ಮ,

ಮತ್ತೆ ಬರೆಯುತ್ತಿದ್ದೇನೆ. ಬದುಕಿದ್ದೀಯ ಅಂತ ಒಂದು ಸಾಲು ಬರೆ ಸಾಕು.

ಮಗಳು


ಜುಲೈ ೨

ಮಗಳೇ,

ಬದುಕಿದ್ದೇನೆ. ಬರೆಯಲು ಏನೂ ಇರಲಿಲ್ಲ, ಅದಕ್ಕೆ ಬರೆಯಲಿಲ್ಲ. ಈಗ ಇದೆ.

ಮೊನ್ನೆ ಬೆಳಗ್ಗೆ ಮೂರು ವ್ಯಾನು ಬಂದು ನಿಂತವು. ಒಂದೊಂದಕ್ಕೆ ಒಂದೊಂದು ಪಟ್ಟಿ. ಒಬ್ಬೊಬ್ಬರನ್ನೇ ಎತ್ತಿ ಹೊರಗೆ ತಂದೆವು. ನರ್ಸಮ್ಮ ಪ್ರತಿಯೊಬ್ಬರ ಔಷಧಿ ಚೀಟಿಯನ್ನು ಅವರವರ ರವಿಕೆಗೆ ಪಿನ್ನು ಹಾಕಿ ಚುಚ್ಚಿದಳು. ಒಬ್ಬಾಕೆ, “ಸಾಯಂಕಾಲ ವಾಪಸ್ ತಾನೇ?” ಅಂತ ಕೇಳುತ್ತಲೇ ಇದ್ದಳು. ಅಡುಗೆಯವರು “ಹೌದಮ್ಮ, ಹೌದು” ಅನ್ನುತ್ತಾ ಹಿಂದಿನ ಬಾಗಿಲಿಂದ ಹೊರಗೆ ಹೋದವರು ಮತ್ತೆ ಬರಲಿಲ್ಲ.

ಜೋಡಿಯ ಅಕ್ಕನನ್ನು ಮೊದಲನೇ ವ್ಯಾನಿಗೆ ಹತ್ತಿಸಿದರು. ತಂಗಿ ಅಳಲಿಲ್ಲ. ಮೂರನೇ ವ್ಯಾನಿನ ಕಿಟಕಿಯಿಂದ ಕೂಗಿ ಕೂಗಿ ಅಕ್ಕನಿಗೆ ಹೇಳುತ್ತಿದ್ದಳು: “ಅಕ್ಕಾ, ನಿನ್ನ ವ್ಯಾನು ನೀಲಿ ಬಣ್ಣ. ಡ್ರೈವರ್‌ಗೆ ಮೀಸೆ ಇದೆ. ನಿನ್ನ ಬಲಗಡೆ ಕಿಟಕಿ ಇದೆ, ಹಿಡ್ಕೋ. ಗೇಟು ತೆಗೀತಿದಾರೆ ಈಗ.” ಒಂದೂ ಸುಳ್ಳು ಸೇರಿಸಲಿಲ್ಲ. ಇನ್ನು ಮುಂದೆ ಹೇಳುವವರಿಲ್ಲ ಅಂತ ಇದ್ದದ್ದನ್ನೆಲ್ಲ ಒಟ್ಟಿಗೆ ಹೇಳುತ್ತಿದ್ದಳು. ಅಕ್ಕ ಎರಡೂ ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿ ಗಾಳಿಯಲ್ಲಿ ಹುಡುಕುತ್ತಿದ್ದಳು.

ನನಗೆ ಆಮೇಲೆ ಏನಾಯಿತೋ ಗೊತ್ತಿಲ್ಲ. ಹೋಗಿ ಮೊದಲನೇ ವ್ಯಾನಿನ ಬಾಗಿಲು ತೆಗೆದೆ. ಅಕ್ಕನನ್ನು ಸೊಂಟ ಹಿಡಿದು ಇಳಿಸಿ, ನಡೆಸಿಕೊಂಡು ಹೋಗಿ, ಮೂರನೇ ವ್ಯಾನಿನಲ್ಲಿ ತಂಗಿಯ ಪಕ್ಕ ಕೂರಿಸಿದೆ. ನಾನೂ ಹತ್ತಿ ಬಾಗಿಲು ಎಳೆದುಕೊಂಡೆ. ಪಟ್ಟಿ ಹಿಡಿದವನು ಓಡಿಬಂದ. “ಏನ್ರಮ್ಮಾ ಇದು? ಯಾರು ಹೇಳಿದ್ದು?” ಅಂದ. ಸ್ಟಿಯರಿಂಗಿನಲ್ಲಿ ನಮ್ಮ ಡ್ರೈವರ್ ಇದ್ದ. ಕನ್ನಡಿಯಲ್ಲಿ ನನ್ನನ್ನು ಒಂದು ಸಲ ನೋಡಿ ಗೇರು ಹಾಕಿದ.

ಇಲ್ಲಿಗೆ, ನಡೆಯಲಾರದವರ ಮನೆಗೆ, ಬಂದಾಗ ಮಧ್ಯಾಹ್ನ. ಇಲ್ಲಿನ ಮನೆಯ ಸಿಸ್ಟರ್ ಪಟ್ಟಿ ನೋಡಿ, “ನಾಲ್ಕು ಜನ ಅಂತ ಇದೆ, ಐದು ಜನಾನ ಇಳಿಸಿದೀರಿ” ಅಂದರು. ಪಟ್ಟಿ ತಪ್ಪಿದೆ ಅಂದೆ. “ನೀವು ಯಾರು?” ಅಂದರು.

ಏನು ಹೇಳಲಿ ಮಗಳೇ? ಸಂಗಾತಿ ಅನ್ನೋಣ ಅಂದರೆ, ಯಾವ ಮನೆಯ ಸಂಗಾತಿ? ಅದಕ್ಕೆ ಬೀಗ ಬಿದ್ದು ಐದು ಗಂಟೆ ಆಗಿತ್ತು. ಬಟ್ಟೆ ಒಗೆಯುವವಳು ಅಂದಿದ್ದರೆ, ಬಂದ ವ್ಯಾನಿನಲ್ಲೇ ಅಕ್ಕನ ಜೊತೆ ವಾಪಸ್ಸು ಕಳಿಸುತ್ತಿದ್ದರು. “ಇವರ ಕಡೆಯವಳು” ಅಂದೆ. ಆಕೆ ಒಂದು ಫಾರಂ ತಂದು ಮುಂದಿಟ್ಟರು. ಕಡೆಯವರು ಜೊತೆಗಿದ್ದು ಪೂರ್ತಿ ನೋಡಿಕೊಳ್ಳುವುದಾದರೆ ಇರಬಹುದು, ಮಂಚ ಮಾತ್ರ ಒಂದೇ ಅಂದರು. ಹೆಸರು ಬರೆದೆ. ಅದರ ಕೆಳಗೆ ‘ಸಂಬಂಧ’ ಅಂತ ಇತ್ತು.

ಏಪ್ರಿಲ್‌ನಲ್ಲಿ ಸತ್ಯ ಹೇಳಿ ಮನೆ ಕಳೆದವಳು ನಾನು. ನೆಟ್ಟಗೆ ಕೂತು, ಕನ್ನಡಕ ಹಾಕಿಕೊಂಡು, ‘ಕೊನೆಯ ತಂಗಿ’ ಅಂತ ಬರೆದೆ.

ಒಂದೇ ಮಂಚದಲ್ಲಿ ಇಬ್ಬರೂ ಎದುರುಬದುರಾಗಿ ಮಲಗುತ್ತಾರೆ, ಅಕ್ಕನ ಕಾಲ ಕಡೆ ತಂಗಿಯ ತಲೆ. ನಾನು ಕೆಳಗೆ ನೆಲದ ಮೇಲೆ. ಹಗಲು ಇಲ್ಲಿನವರ ಬಟ್ಟೆಯನ್ನೂ ಒಗೆದುಕೊಡುತ್ತೇನೆ ಅಂದಿದ್ದೇನೆ. ಎಷ್ಟು ದಿನ ಇಟ್ಟುಕೊಳ್ಳುತ್ತಾರೋ ತಿಳಿಯದು. ಉಳಿದ ಒಂಬತ್ತು ಜನರಲ್ಲಿ ಮೂವರು ಇಲ್ಲೇ ಇದ್ದಾರೆ, ಆರು ಜನ ಹೇಗಿದ್ದಾರೋ ಗೊತ್ತಿಲ್ಲ. ಅವರನ್ನೆಲ್ಲ ತಂಗಿ ಅನ್ನಲು ಆಗಲಿಲ್ಲ ನನಗೆ.

ನೀನು ಕಚೇರಿಯಲ್ಲಿ ಇಲ್ಲದಿದ್ದರೂ ಸಭೆಯವಳು. ಈ ಸುಳ್ಳನ್ನು ಮದರಿಗೆ ಹೇಳಲೇಬೇಕು ಅಂತ ನಿನ್ನ ಮನಸ್ಸು ಹೇಳಿದರೆ ಹೇಳು. ನಾನು ಬೇಡ ಅನ್ನುವುದಿಲ್ಲ, ಸಿಟ್ಟೂ ಮಾಡಿಕೊಳ್ಳುವುದಿಲ್ಲ. ಆದರೆ ಅವರಿಗೆ ಇದನ್ನೂ ಸೇರಿಸಿ ಹೇಳು: ಅಮ್ಮ ಅಪ್ಪಣೆ ಕೇಳಿ ಬರೆದಿಲ್ಲ, ತಿಳಿಸಲು ಬರೆದಿದ್ದಾಳೆ. ಇವರಿಬ್ಬರಲ್ಲಿ ಒಬ್ಬಳನ್ನು ಕರೆದುಕೊಂಡು ಹೋಗಲು ಯಾರೇ ಬರಲಿ, ನಾನು ಎದ್ದು ದಾರಿ ಬಿಡುವುದಿಲ್ಲ. ಆ ಬಂದವಳು ನೀನೇ ಆದರೂ ಸರಿ.

ನಿನ್ನ ಅಮ್ಮ